ಎರಡು ತೊಳೆ ಹಲಸು

"ಅಮ್ಮ, ಚಳಿ ಆಗ್ತಿದೆ," ಎಂದಳು ವಿಲೈ.

ಕಟ್ಟಿಗೆ ಸರಿಸುತ್ತಿದ್ದ ಓನ್ಸೀಯ ಕೈ ಅಲ್ಲಿಗೇ ನಿಂತಿತು. ಮಗಳು ಮಲಗಿದ್ದ ಬಿದಿರಿನ ಮಂಚಕ್ಕೂ ಅಗ್ಗಿಷ್ಟಿಕೆಗೂ ನಡುವೆ ಒಂದು ಮೊಳದಷ್ಟು ಜಾಗವೂ ಇರಲಿಲ್ಲ. ಮರದ ಚೌಕಟ್ಟಿನೊಳಗೆ ಮಣ್ಣು ತುಂಬಿ, ಅದರ ಮೇಲೆ ಹೊತ್ತಿಸಿದ್ದ ಹುಣಸೆ ಕೊರಡುಗಳು ಆರು ದಿನದಿಂದ ಆರಿರಲಿಲ್ಲ. ಹೊರಗೆ ನಾಟಿ ಕಾಲದ ಮಳೆ ಹಿಡಿದಿದ್ದರೂ ಒಳಗೆ ಕಾಲಿಟ್ಟವರು ಎರಡು ಮಾತಾಡುವಷ್ಟರಲ್ಲಿ ಬೆವೆತು ತೊಪ್ಪೆಯಾಗುತ್ತಿದ್ದರು. ವಿಲೈ ಮಾತ್ರ ಮೊಣಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು, ಬಿದಿರಿನ ದಬ್ಬೆಗಳು ಕಿರುಗುಟ್ಟುವಂತೆ ನಡುಗುತ್ತಿದ್ದಳು.

ಓನ್ಸೀ ಅವಳ ಹಣೆ ಮುಟ್ಟಿ ನೋಡಿದಳು. ಸುಡುತ್ತಿತ್ತು. ಆದರೆ ಅದರಿಂದ ತಿಳಿಯುವುದೇನು? ಮಂಚದ ಕಾಲು ಸುಡುತ್ತಿತ್ತು, ನೀರು ಕುಡಿಯುವ ತಗಡಿನ ಲೋಟ ಸುಡುತ್ತಿತ್ತು. ಮೊದಲ ದಿನದಿಂದಲೂ ಹುಡುಗಿಯ ಮೈ ಹಾಗೇ ಇತ್ತು. ಬಾಣಂತಿ ಎಂದಮೇಲೆ ಹಾಗೇ ಇರಬೇಕು. ಹೆರಿಗೆಯಲ್ಲಿ ಬರಿದಾದ ಒಡಲು ಬೆಂಕಿಯ ಪಕ್ಕದಲ್ಲಿ ಒಣಗಿ, ಬಿಗಿದು, ಮೊದಲಿನಂತಾಗಬೇಕು. ಓನ್ಸೀ ತಾನೂ ನಾಲ್ಕು ಸಲ ಹೀಗೆ ಮಲಗಿ ಎದ್ದವಳೇ.

ನೆನ್ನೆ ಮಧ್ಯಾಹ್ನದವರೆಗೂ ಮನೆ ನಗುತ್ತಿತ್ತು. ಪಕ್ಕದ ಮನೆಯ ಲಮೈ ಕಂಬಗಳ ಮೇಲಿನ ಈ ಮನೆಗೆ ಏಣಿ ಹತ್ತಿ ಬಂದವಳೇ ವಿಲೈಯ ಗಂಡ ಪ್ರಸಿತ್‌ನನ್ನು ಹಿಡಿದುಕೊಂಡಿದ್ದಳು. "ಏನಪ್ಪಾ, ಹೆಂಡ್ತೀನ ಚೆನ್ನಾಗಿ ಬೇಯಿಸ್ತಿದ್ದೀಯ. ಇನ್ನೊಂದು ಮಗ್ಗುಲಿಗೆ ಯಾವಾಗ ತಿರುವಿ ಹಾಕ್ತೀಯ?"

"ಉಪ್ಪು ಸಾಲ್ದು ಅಂತ ಅವಳೇ ಬೈತಾಳಕ್ಕ," ಎಂದಿದ್ದ ಅವನು. ಅಂಟಕ್ಕಿ ಅನ್ನ ಮತ್ತು ಹುರಿದ ಉಪ್ಪು ಬಿಟ್ಟು ಬೇರೇನೂ ತಿನ್ನುವಂತಿಲ್ಲದ ವಿಲೈಗೂ ನಗು ಬಂದಿತ್ತು. ಮೂರು ತಿಂಗಳ ಹಿಂದಿನಿಂದಲೂ ಪ್ರಸಿತ್ ದಿನಕ್ಕಿಷ್ಟು ಹುಣಸೆ ಸೀಳಿ ಮನೆಯ ಕೆಳಗಿನ ಕಂಬಗಳ ನಡುವೆ ಪೇರಿಸಿಟ್ಟಿದ್ದ. ಹುಣಸೆಯಾದರೆ ಕಿಡಿ ಹಾರುವುದಿಲ್ಲ. ಊರಿನಲ್ಲಿ ಗಂಡಸಿನ ಅಕ್ಕರೆಯನ್ನು ಆ ರಾಶಿಯ ಎತ್ತರದಲ್ಲೇ ಅಳೆಯುತ್ತಿದ್ದರು.

ಈಗ ಓನ್ಸೀ ಕಿಟಕಿಯಿಂದ ಬಗ್ಗಿ ಅವನನ್ನು ಕೂಗಿದಳು. "ಸುಯ್ ಅಜ್ಜೀನ ಕರ್ಕೊಂಡು ಬಾ. ಬೇಗ."

ಸುಯ್ ಅಜ್ಜಿಗೆ ಎಪ್ಪತ್ತೆಂಟು. ಚೀ ನದಿಯ ಈ ದಡದ ಮೂರು ಹಳ್ಳಿಗಳಲ್ಲಿ ಅವಳ ಕೈಗೆ ಬೀಳದೆ ನೆಲಕ್ಕಿಳಿದವರು ಕಡಿಮೆ. ಓನ್ಸೀಯ ನಾಲ್ಕೂ ಮಕ್ಕಳನ್ನು ಅವಳೇ ಎತ್ತಿಕೊಂಡಿದ್ದಳು, ಈಗ ಮೊಮ್ಮಗನನ್ನೂ. ಊರಿಗೆಲ್ಲ ಅಜ್ಜಿಯಾದರೂ ಓನ್ಸೀಗೆ ಅವಳು ಚಿಕ್ಕಂದಿನಿಂದ ದೊಡ್ಡಮ್ಮ. ಕಣ್ಣಿಗೆ ಪೊರೆ ಬಂದಿದ್ದರಿಂದ ಈಗ ಏಣಿಯ ಮೆಟ್ಟಿಲುಗಳನ್ನು ಪಾದದಿಂದ ತಡವಿಕೊಂಡು ಹತ್ತುತ್ತಿದ್ದಳು. ಮಂಚದ ಬಳಿ ಕೂತು ವಿಲೈಯ ಪಾದ, ಹೊಟ್ಟೆ, ಕಿವಿಯ ಹಿಂಭಾಗ ಮುಟ್ಟಿ ನೋಡಿದಳು. ಹೊಟ್ಟೆ ಒತ್ತಿದಾಗ ವಿಲೈ ಹಲ್ಲು ಕಚ್ಚಿದಳು.

"ಚಳಿ ಒಳಗೆ ಹೊಕ್ಕಿದೆ. ಬೆಂಕಿ ಸಾಲ್ತಿಲ್ಲ," ಎಂದಳು ಅಜ್ಜಿ. "ಪ್ರಸಿತ್, ಇನ್ನೊಂದೆರಡು ಕೊರಡು ತಂದ್ಹಾಕು. ಓನ್ಸೀ, ಬೇರಿನ ಕಷಾಯ ಬಿಸಿ ಮಾಡು." ಆಮೇಲೆ ಬಾಣಂತಿಯ ಮುಖದ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು. "ಮಗಾ, ಏನ್ ತಿಂದೆ?"

"ಏನೂ ತಿಂದಿಲ್ಲ ಅಜ್ಜಿ. ಅನ್ನ, ಉಪ್ಪು."

"ಬೈಯಲ್ಲ ಕಣೇ. ಹೇಳು. ಯಾರಾದ್ರೂ ಏನಾದ್ರೂ ಕೊಟ್ರಾ?"

ಏಣಿಯ ಬಳಿ ಬಂದು ನಿಂತಿದ್ದ ಲಮೈ ಬಾಯಿ ಹಾಕಿದಳು. "ತಿನ್ನೋದೇ ಬೇಡ, ವಾಸನೆ ಸಾಕು. ನೆನ್ನೆ ನಮ್ಮ ಹಿತ್ಲಲ್ಲಿ ಹಲಸಿನ ಹಣ್ಣು ಬಿಡಿಸಿದ್ವಿ. ಗಾಳಿ ಈ ಕಡೆಗೇ ಇತ್ತೋ ಏನೋ."

ಕಷಾಯದ ಮಡಕೆ ಎತ್ತುತ್ತಿದ್ದ ಓನ್ಸೀ ಅದನ್ನು ಮತ್ತೆ ಕೆಳಗಿಟ್ಟಳು.

ಮೂವತ್ತೆಂಟು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ದೊಡ್ಡಮ್ಮ ಕೇಳಿದ್ದಳು. ಆಗ ಮಂಚದ ಮೇಲೆ ಇದ್ದವಳು ಓನ್ಸೀಯ ಅಕ್ಕ ಬುವಾಲೈ. ಹತ್ತೊಂಬತ್ತು ವರ್ಷ, ಚೊಚ್ಚಲು. ನಾಲ್ಕನೇ ದಿನ ಮನೆಯವರೆಲ್ಲ ಗದ್ದೆಗೆ ಹೋಗಿದ್ದಾಗ ಬುವಾಲೈ ತಂಗಿಯ ಕೈ ಹಿಡಿದುಕೊಂಡು, "ಪುಟ್ಟಿ, ಉಪ್ಪು ತಿಂದೂ ತಿಂದೂ ನಾಲಿಗೆ ಸತ್ತೋಗಿದೆ ಕಣೇ. ಹಿತ್ಲಲ್ಲಿ ಹಲಸು ಹಣ್ಣಾಗಿದೆ ಅಲ್ವಾ, ವಾಸನೆ ಬರ್ತಿದೆ. ಎರಡೇ ಎರಡು ತೊಳೆ. ಬೀಜ ತೆಗೆದು ತಾ," ಎಂದಿದ್ದಳು. ಹನ್ನೆರಡು ವರ್ಷದ ಓನ್ಸೀ ಅದನ್ನು ಲಂಗದ ಮಡಿಲಲ್ಲಿ ಮುಚ್ಚಿಕೊಂಡು ತಂದಿದ್ದಳು. ಅಕ್ಕ ಕಣ್ಣು ಮುಚ್ಚಿ, ನಿಧಾನವಾಗಿ, ಒಂದೊಂದು ಎಳೆಯನ್ನೂ ಚಪ್ಪರಿಸಿ ತಿಂದಿದ್ದಳು. ಮಾರನೇ ದಿನ ಚಳಿ ಬಂತು. ಮೂರು ದಿನ ಕೊರಡಿನ ಮೇಲೆ ಕೊರಡು ಹಾಕಿದರು. ನಾಲ್ಕನೆಯ ದಿನ ಹಾಕಬೇಕಾಗಿ ಬರಲಿಲ್ಲ. ಅಕ್ಕನ ಕೂಸೂ ತಿಂಗಳು ತುಂಬುವ ಮೊದಲೇ ಅವಳ ಹಿಂದೆ ಹೋಯಿತು.

"ಏನು ತಿಂದಳೋ, ಯಾರು ಕೊಟ್ಟರೋ," ಎಂದು ಊರು ವರ್ಷಗಟ್ಟಲೆ ಆಡಿಕೊಂಡಿತು. ಅವರ ಅಮ್ಮ ಸಾಯುವವರೆಗೂ ಅದನ್ನೇ ಹೇಳಿಕೊಂಡು ಅಳುತ್ತಿದ್ದಳು. ಓನ್ಸೀ ಯಾರಿಗೂ ಬಾಯಿ ಬಿಡಲಿಲ್ಲ. ಮದುವೆಯಾಗಿ ಗಂಡ ಈ ಮನೆಗೇ ಬಂದ ಮೇಲೆ ಹಿತ್ತಲಿನ ಹಲಸಿನ ಮರ ಕಡಿಸಿದಳು. ಬೇರು ಮನೆಯ ಕಂಬಕ್ಕೆ ಬರುತ್ತದೆ ಎಂದು ಗಂಡನಿಗೆ ಕಾರಣ ಹೇಳಿದ್ದಳು. ಆ ಗಂಡನೂ ಈಗಿಲ್ಲ.

ಪ್ರಸಿತ್ ಎರಡು ಕೊರಡು ತಂದು ಹಾಕಿದ. ಜ್ವಾಲೆ ಎದ್ದಿತು. ವಿಲೈ ಇನ್ನೂ ನಡುಗುತ್ತಿದ್ದಳು.

ಮೋಟಾರ್ ಸೈಕಲ್ಲಿನ ಸದ್ದು ಕೇಳಿದ್ದು ಆಗಲೇ. ಆರೋಗ್ಯ ಕೇಂದ್ರದ ನರ್ಸ್ ರಚನೀ ಹದಿನೈದು ದಿನಕ್ಕೊಮ್ಮೆ ಹೊಸ ಕೂಸುಗಳನ್ನು ತೂಗಲು ಬರುತ್ತಿದ್ದಳು. ಇಪ್ಪತ್ತಮೂರು ವರ್ಷದ ಹುಡುಗಿ. ಊರಿನವರು ಡಾಕ್ಟ್ರಮ್ಮ ಎಂದು ಕರೆದರೂ, ಇವಳಿಗೆ ಇನ್ನೂ ಒಂದು ಹೆರಿಗೆ ಆಗಿಲ್ಲ, ಇವಳೇನು ಹೇಳ್ತಾಳೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಮಳೆಯಲ್ಲಿ ನೆಂದು ಬಂದವಳು ಅಗ್ಗಿಷ್ಟಿಕೆಯ ಮುಂದೆ ನಿಂತ ಕೂಡಲೇ ಅವಳ ಅಂಗಿಯಿಂದ ಹಬೆಯೆದ್ದಿತು. ಮಗುವನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ ತೂಕದ ಕೊಕ್ಕೆಗೆ ಸಿಕ್ಕಿಸುವ ಮೊದಲೇ ತಾಯಿಯನ್ನು ನೋಡಿದಳು. ಮಗುವನ್ನು ಓನ್ಸೀಯ ಕೈಗೆ ಕೊಟ್ಟಳು.

"ಎಷ್ಟೊತ್ತಿಂದ ಹೀಗೆ ನಡುಗ್ತಿದ್ದಾಳೆ?"

"ಬೆಳಿಗ್ಗೆಯಿಂದ."

ರಚನೀ ತನ್ನ ಚೀಲದಿಂದ ಜ್ವರದ ಕಡ್ಡಿ ತೆಗೆದಳು. ಅದನ್ನು ಕೊಡವಿ, ಬೆಂಕಿಯ ಕಡೆ ನೋಡಿ, ಮತ್ತೆ ಕೈಯಲ್ಲೇ ಹಿಡಿದುಕೊಂಡಳು. "ಇಲ್ಲಿ ಇಟ್ಟು ನೋಡಿದ್ರೆ ಏನೂ ಗೊತ್ತಾಗಲ್ಲ ಅಮ್ಮ. ಕಡ್ಡಿ ಬೆಂಕೀನ ಓದುತ್ತೋ ಇವಳನ್ನ ಓದುತ್ತೋ. ಅರ್ಧ ಗಂಟೆ ಆಚೆ ಜಗಲೀಲಿ ಮಲಗಿಸಿ. ಆಗ ಗೊತ್ತಾಗುತ್ತೆ."

"ಆಚೆಗಾ?" ಎಂದಳು ಸುಯ್ ಅಜ್ಜಿ. "ಇವತ್ತು ಆರನೇ ದಿನ. ಬೆಂಕಿಗೆ ಕೂರಿಸುವಾಗ ಮಂತ್ರ ಹೇಳಿ ಕೂರಿಸಿದ್ದೀನಿ, ಎಬ್ಬಿಸುವಾಗ ಹೇಳಿ ಎಬ್ಬಿಸಬೇಕು. ಹನ್ನೊಂದನೇ ದಿನ ಅಂತ ಇದೆ. ನಡುವೆ ಎಬ್ಬಿಸಿದ್ರೆ ತಣ್ಣನೆ ಗಾಳಿ ತೆರೆದ ಮೈಗೆ ನುಗ್ಗುತ್ತೆ. ಆಮೇಲೆ ಉಳಿಸ್ಕೊಳ್ಳೋಕೆ ನಿನ್ ಸೂಜಿ ಬರುತ್ತೇನಮ್ಮ?"

"ಅಜ್ಜಿ, ನಾನು ಬೆಂಕಿ ಬೇಡ ಅಂತಿಲ್ಲ. ಜ್ವರ ಇಲ್ದೇ ಇದ್ರೆ ನಾನೇ ಎತ್ತಿ ತಂದು ಮಲಗಿಸ್ತೀನಿ."

"ನೂರಾರು ಬಾಣಂತೀರನ್ನ ಎಬ್ಬಿಸಿದ್ದೀನಿ ಈ ಕೈಯಲ್ಲಿ."

"ಗೊತ್ತು ಅಜ್ಜಿ. ನಮ್ಮಮ್ಮನ್ನೂ ಎಬ್ಬಿಸಿರಬಹುದು."

ಇಬ್ಬರೂ ಓನ್ಸೀಯ ಕಡೆ ನೋಡಿದರು. ಪ್ರಸಿತ್ ಕೂಡ ಕೈಯಲ್ಲಿದ್ದ ಕೊರಡಿನ ಸಮೇತ ಅವಳ ಕಡೆಗೇ ನೋಡಿದ. ಮನೆ ಅವಳದು, ಮಗಳು ಅವಳದು, ಮಾತೂ ಅವಳದೇ ಆಗಬೇಕಿತ್ತು.

ಓನ್ಸೀಗೆ ನರ್ಸಿನ ಮೇಲೆ ನಂಬಿಕೆ ಬಂತೆಂದೇನಲ್ಲ. ಸುಯ್ ದೊಡ್ಡಮ್ಮನ ಮಾತು ಮೀರುವ ಧೈರ್ಯವೂ ಅವಳಿಗೆ ಎಂದೂ ಇದ್ದದ್ದಲ್ಲ. ಅವಳು ಮಗಳ ಕೆಳತುಟಿಯನ್ನು ನೋಡುತ್ತಿದ್ದಳು. ಅದು ಬಿಳಿಚಿಕೊಂಡಿತ್ತು, ಅದರ ಹಿಂದೆ ಹಲ್ಲುಗಳು ಸಣ್ಣಗೆ ಕಟಕಟ ಸದ್ದು ಮಾಡುತ್ತಿದ್ದವು. ಈ ಸದ್ದನ್ನು ಅವಳು ಬಲ್ಲಳು. ಒಮ್ಮೆ ಈ ಸದ್ದಿನ ಪಕ್ಕದಲ್ಲಿ ಕೂತು, ಹೇಳಲೋ ಬೇಡವೋ ಎಂದುಕೊಳ್ಳುತ್ತ ಮೂರು ದಿನ ಕಳೆದಿದ್ದಳು. ಮೂರು ದಿನವೂ ಕೊರಡು ಎತ್ತಿಕೊಟ್ಟವಳು ಅವಳೇ.

ಮಗುವನ್ನು ಪ್ರಸಿತ್‌ನ ತೋಳಿಗೆ ದಾಟಿಸಿದಳು. ಕಷಾಯದ ಮಡಕೆಯನ್ನು ಎರಡೂ ಕೈಯಿಂದ ಎತ್ತಿ ಬೆಂಕಿಯ ಮೇಲೆ ಬಗ್ಗಿಸಿದಳು.

ಬುಸ್ಸೆಂದು ಎದ್ದ ಹಬೆಯಲ್ಲಿ ಮನೆಯೆಲ್ಲ ಬೇರಿನ ಕಹಿ ವಾಸನೆ ತುಂಬಿತು. ಏಣಿಯ ಬಳಿ ಲಮೈ "ಅಯ್ಯೋ ತಾಯಿ" ಎಂದದ್ದು ಕೇಳಿಸಿತು. ಸುಯ್ ಅಜ್ಜಿ ಕಣ್ಣು ಕಾಣದಿದ್ದರೂ ಹಬೆಯ ಕಡೆಗೇ ಮುಖ ಮಾಡಿ, ತುಟಿ ಅಲುಗಿಸುತ್ತ, ಎಬ್ಬಿಸುವ ಮಂತ್ರವನ್ನು ಅವಸರದಲ್ಲಿ ಹೇಳತೊಡಗಿದಳು. ಐದು ದಿನ ಮೊದಲಾದರೂ ಸರಿಯೇ, ಮಂತ್ರವಿಲ್ಲದೆ ಹುಡುಗಿಯನ್ನು ಎಬ್ಬಿಸಲು ಅವಳ ಮನಸ್ಸು ಒಪ್ಪಲಿಲ್ಲ.

ವಿಲೈಯನ್ನು ತಂದು ಮಲಗಿಸಿದ ಜಗಲಿಯಲ್ಲಿ ಮಳೆಯ ತಂಪು ಗಾಳಿ ಬೀಸುತ್ತಿತ್ತು. ಅರ್ಧ ಗಂಟೆ ಕಳೆದು ರಚನೀ ಕಡ್ಡಿಯನ್ನು ಬೆಳಕಿಗೆ ಹಿಡಿದಳು. "ನಲವತ್ತು ಡಿಗ್ರಿ. ಜ್ವರ ತುಂಬಾ ಇದೆ," ಎಂದಳು. ಆಮೇಲೆ ಪ್ರಸಿತ್‌ನನ್ನು ಕೆಳಗೆ ಕಳಿಸಿ, ವಿಲೈಯ ಸ್ರಾವಕ್ಕೆ ಬಳಸಿ ಉಂಡೆಯಂತೆ ಸುತ್ತಿಟ್ಟಿದ್ದ ಹಳೆಯ ಬಟ್ಟೆಗಳನ್ನು ಬಿಡಿಸಿ ನೋಡಿದಳು. ಮೂಗು ಮುಚ್ಚಿಕೊಳ್ಳಲಿಲ್ಲ, ಮುಖವನ್ನು ಮಾತ್ರ ಕ್ಷಣಕಾಲ ಆಚೆ ತಿರುಗಿಸಿದಳು.

"ಅಜ್ಜಿ, ಹೆರಿಗೆ ಆದ್ಮೇಲೆ ಕಸ ಪೂರ್ತಿ ಬಿತ್ತಾ?"

"ಬಿತ್ತು. ಮಡಕೇಲಿಟ್ಟು ಏಣಿ ಬುಡದಲ್ಲಿ ಹೂತಿದ್ದೀವಿ."

"ಹರಡಿ ನೋಡಿದ್ರಾ? ಎಲ್ಲೂ ತುಂಡಾಗಿರಲಿಲ್ವಾ?"

ಅಜ್ಜಿ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಳು. "ಕೈಯಲ್ಲಿ ಸವರಿ ನೋಡ್ದೆ. ಸರಿ ಇದೆ ಅನ್ನಿಸ್ತು," ಎಂದಳು.

"ಒಂದು ಚೂರು ಒಳಗೇ ಉಳಿದಿದೆ ಅಂತ ಕಾಣುತ್ತೆ. ಅದು ಕೊಳೆತು ಜ್ವರ ಬಂದಿದೆ. ಈಗಲೇ ತಾಲ್ಲೂಕಿನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ತೆಗೀತಾರೆ. ನಾಳೆ ಅಂದ್ರೆ ನಾನು ಏನೂ ಹೇಳಲಾರೆ."

ಪ್ರಸಿತ್ ಉಳುವ ಯಂತ್ರಕ್ಕೆ ಗಾಡಿ ಸಿಕ್ಕಿಸಿದ. ಭತ್ತದ ಹುಲ್ಲು ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ತಾಯಿ ಮಗು ಇಬ್ಬರನ್ನೂ ಮಲಗಿಸಿದರು. ಹದಿನೆಂಟು ಕಿಲೋಮೀಟರ್ ಕೆಸರು ರಸ್ತೆ. ಓನ್ಸೀ ಉದ್ದಕ್ಕೂ ಮಗಳ ಗಲ್ಲವನ್ನು ಅಂಗೈಯಲ್ಲಿ ಹಿಡಿದೇ ಇದ್ದಳು, ಹಲ್ಲು ಕಟಕಟಿಸದಿರಲೆಂದು.

ವಿಲೈ ಐದು ದಿನ ಆಸ್ಪತ್ರೆಯಲ್ಲಿದ್ದಳು. ಒಳಗಿದ್ದ ಚೂರನ್ನು ತೆಗೆದರೂ ಮೊದಲ ಎರಡು ದಿನ ಉಳಿಯುತ್ತಾಳೆಂದು ಯಾರೂ ಹೇಳಲಿಲ್ಲ. ಮಗುವಿಗೆ ಪಕ್ಕದ ಮಂಚದವಳು ಮೊಲೆ ಕೊಟ್ಟಳು. ಮೂರನೆಯ ಬೆಳಿಗ್ಗೆ ವಿಲೈ ಕಣ್ಣು ಬಿಟ್ಟು, "ಅಮ್ಮ, ಹಸಿವು," ಎಂದಳು. ಆಸ್ಪತ್ರೆಯವರು ಕೊಟ್ಟ ಗಂಜಿಯಲ್ಲಿ ಮೊಟ್ಟೆ ಒಡೆದು ಹಾಕಿದ್ದರು, ಮೇಲೆ ಈರುಳ್ಳಿ ಸೊಪ್ಪಿತ್ತು. ಮಗಳು ಚಮಚ ಹಿಡಿದು ತಾಯಿಯ ಮುಖ ನೋಡಿದಳು. ತಿನ್ನು ಎನ್ನಲು ಓನ್ಸೀಯ ನಾಲಿಗೆ ಏಳಲಿಲ್ಲ. ಬೇಡ ಎನ್ನಲೂ ಏಳಲಿಲ್ಲ. ವಿಲೈ ತಿಂದಳು.

ಅಂದು ಸಂಜೆ ರಚನೀ ನೋಡಲು ಬಂದಳು. ಕೈತೊಳೆಯುವ ನಲ್ಲಿಯ ಹತ್ತಿರ ಓನ್ಸೀ ಅವಳನ್ನು ತಡೆದಳು.

"ಡಾಕ್ಟ್ರಮ್ಮ, ಒಂದು ಮಾತು. ಬಾಣಂತಿ ಹಲಸಿನ ಹಣ್ಣು ತಿಂದ್ರೆ ಏನಾಗುತ್ತೆ?"

"ಯಾಕಮ್ಮ, ತಿಂದಳಾ ವಿಲೈ?"

"ಇಲ್ಲ. ಸುಮ್ನೆ ಕೇಳ್ದೆ."

"ಜಾಸ್ತಿ ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ. ನಿಮಗೂ ನನಗೂ ಆಗೋ ಹಂಗೇ."

"ಚಳಿ ಜ್ವರ ಬರಲ್ವಾ?"

"ಹಣ್ಣಿನಿಂದ ಚಳಿ ಜ್ವರ ಯಾಕೆ ಬರುತ್ತೆ?"

"ಎರಡು ತೊಳೆ ತಿಂದ್ರೆ?"

ರಚನೀ ನಕ್ಕಳು. "ಎರಡಕ್ಕೆ ಹೊಟ್ಟೆ ಉಬ್ಬರಿಸೋದೂ ಇಲ್ಲ ಅಮ್ಮ." ಆಮೇಲೆ ಓನ್ಸೀಯ ಮುಖ ನೋಡಿ ನಗು ನಿಲ್ಲಿಸಿದಳು. ಓನ್ಸೀ ನಲ್ಲಿ ತಿರುಗಿಸಿ, ಆಗಲೇ ತೊಳೆದಿದ್ದ ಗಂಜಿಯ ಬಟ್ಟಲನ್ನು ಮತ್ತೆ ತೊಳೆಯತೊಡಗಿದಳು. ಬಹಳ ಹೊತ್ತು ತೊಳೆದಳು.

ಊರಿಗೆ ಬಂದ ಮೇಲೆ ಅಗ್ಗಿಷ್ಟಿಕೆಯ ಮಣ್ಣು ಬಳಿದು ಹಿತ್ತಲಿಗೆ ಹಾಕಿದರು. ಉಳಿದ ಹುಣಸೆ ಕೊರಡು ಅಡುಗೆಯ ಒಲೆಗೆ ಹೋಯಿತು. ಲಮೈ ಬಂದು, "ಅರ್ಧ ಬೆಂದ ಬಾಣಂತಿ ಹೆಂಗಿದ್ದಾಳೆ?" ಎಂದು ಕೇಳಿ ನಗಿಸಿ ಹೋದಳು. ಬರದೆ ಉಳಿದವಳು ಸುಯ್ ಅಜ್ಜಿ ಒಬ್ಬಳೇ. ಕೂಸಿಗೆ ಎಣ್ಣೆ ನೀವಲು, ಮಣಿಕಟ್ಟಿಗೆ ರಕ್ಷೆಯ ಬಿಳಿ ದಾರ ಕಟ್ಟಲು ಅವಳೇ ಬರಬೇಕಿತ್ತು. ಹತ್ತು ದಿನ ಕಾದರೂ ಬರಲಿಲ್ಲ. ಹೊಕ್ಕುಳಬಳ್ಳಿ ಕೊಯ್ಯುವ ಬಿದಿರಿನ ಚೂರುಗಳನ್ನೆಲ್ಲ ಒಲೆಗೆ ಹಾಕಿದಳಂತೆ, ಯಾರು ಕರೆದರೂ ಕಣ್ಣು ಕಾಣಲ್ಲ ಎನ್ನುತ್ತಾಳಂತೆ ಎಂದು ಪ್ರಸಿತ್ ಹೇಳಿದ.

ಊರಿನ ಪಂಚಾಂಗದ ಒಂಬತ್ತನೇ ತಿಂಗಳ ಅಮಾವಾಸ್ಯೆ ಹತ್ತಿರವಾಗಿತ್ತು. ಸತ್ತವರಿಗೆ ಬಾಳೆಲೆಯಲ್ಲಿ ಅನ್ನ, ಮೀನು, ಹಣ್ಣು, ಎಲೆಯಡಿಕೆ ಕಟ್ಟಿ ನೆಲಕ್ಕಿಡುವ ಹಬ್ಬ. ಹಬ್ಬದ ಹಿಂದಿನ ಮಧ್ಯಾಹ್ನ ಓನ್ಸೀ ಲಮೈಯ ಹಿತ್ತಲಿಗೆ ಹೋಗಿ, ಮರದಲ್ಲಿ ಉಳಿದಿದ್ದ ಕೊನೆಯ ಹಲಸಿನ ಅರ್ಧ ಭಾಗ ಕೇಳಿದಳು.

"ನೀನಾ? ನಮ್ ಹಣ್ಣಿನ ವಾಸನೆ ಬಂದ್ರೇ ಬಾಗ್ಲು ಹಾಕ್ಕೊಳ್ತಿದ್ದೆ," ಎಂದಳು ಲಮೈ.

"ಕೊಡೇ, ಮಾತಾಡ್ಬೇಡ."

ಹಣ್ಣನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ಬಾಳೆಲೆಯ ಕಟ್ಟು ಕಂಕುಳಲ್ಲಿ ಹಿಡಿದು ಅವಳು ಸುಯ್ ಅಜ್ಜಿಯ ಮನೆಗೆ ಹೋದಳು. ಅಜ್ಜಿ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಹೆಜ್ಜೆ ಸದ್ದಿನಿಂದಲೇ ಯಾರೆಂದು ತಿಳಿಯಿತು.

"ಹುಡುಗಿ ಹೆಂಗಿದ್ದಾಳೆ?"

"ನಡೀತಿದ್ದಾಳೆ. ಹಾಲು ಬರ್ತಿದೆ."

"ಕೂಸು?"

"ಮೈಗೆ ಎಣ್ಣೆ ಕಾಣದೆ ಒರಟಾಗಿದೆ. ನೀನು ಬರ್ಲಿಲ್ಲ."

ಅಂಗಳದಲ್ಲಿ ಕೋಳಿಯೊಂದು ಎರೆಹುಳ ಕೆದಕುತ್ತಿತ್ತು.

"ಬುವಾಲೈಗೂ ಹಿಂಗೇ ಬಂದಿತ್ತು ಚಳಿ," ಎಂದಳು ಅಜ್ಜಿ.

"ಹೂಂ."

"ನಾನು ಕೊರಡು ಹಾಕ್ಸಿದೆ."

"ನಾನು ಎತ್ತಿಕೊಟ್ಟೆ ದೊಡ್ಡಮ್ಮ." ಓನ್ಸೀ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟಳು. ಬಾಳೆಲೆ ಸರಿಸಿದ ಕೂಡಲೇ ವಾಸನೆ ಜಗಲಿ ತುಂಬಿತು. "ನಾನು ಇನ್ನೊಂದೂ ಕೊಟ್ಟಿದ್ದೆ. ಆಗ ಹೇಳ್ಲಿಲ್ಲ. ನಾಲ್ಕನೇ ದಿನ, ಎಲ್ರೂ ಗದ್ದೆಗೆ ಹೋಗಿದ್ದಾಗ..."

"ಗೊತ್ತು," ಎಂದಳು ಅಜ್ಜಿ.

ಓನ್ಸೀ ತಲೆಯೆತ್ತಿದಳು.

"ಹೆಣ ತೊಳೆದವಳು ನಾನಲ್ವೇನೇ. ಕಿವಿ ಹತ್ರ ಕೂದಲಿಗೆ ಹಲಸಿನ ಮೇಣ ಅಂಟಿತ್ತು. ಬೆರಳಲ್ಲಿ ಸವರ್ಕೊಂಡಿದ್ಳೋ ಏನೋ, ಪಾಪ. ಯಾರ ಕಣ್ಣಿಗೂ ಬೀಳ್ದಂಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ತೆಗೆದೆ. ಹಿತ್ಲಿಗೆ ಹೋಗಿ ತಂದುಕೊಡೋರು ಮನೇಲಿ ಇನ್ಯಾರಿದ್ರು? ನೀನು ಮೂಲೇಲಿ ಕೂತು ಹಲ್ಲಲ್ಲಿ ಲಂಗದ ಅಂಚು ಕಚ್ಚಿಕೊಂಡಿದ್ದೆ."

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹನ್ನೆರಡು ವರ್ಷದ ಕೂಸಿನ ಹೆಸರು ಹೇಳೋದಾ?" ಅಜ್ಜಿ ತನ್ನ ಮೊಣಕಾಲು ಉಜ್ಜಿಕೊಂಡಳು. "ನಾನೂ ಹಣ್ಣಿಂದಲೇ ಅಂದ್ಕೊಂಡೆ, ಓನ್ಸೀ. ಮೊನ್ನೆವರೆಗೂ ಹಂಗೇ ಅಂದ್ಕೊಂಡಿದ್ದೆ. ಹಂಗೆ ಅಂದ್ಕೊಳ್ಳೋದು ನನಗೂ ಅನುಕೂಲವೇ ಆಯ್ತು. ಮಾರನೇ ವಾರವೇ ಇನ್ನೊಬ್ಳ ಹೆರಿಗೆಗೆ ಹೋದೆ."

ಮಳೆ ಮತ್ತೆ ಹನಿಯತೊಡಗಿತು. ಕೋಳಿ ಜಗಲಿಯ ಅಡಿಗೆ ಓಡಿತು. ಓನ್ಸೀ ಆಗಿನ ಕಾಲಕ್ಕೆ ಯಾರಿಗೆ ತಾನೇ ಗೊತ್ತಿತ್ತು ಎನ್ನಬಹುದಿತ್ತು. ಆದರೆ ಅದನ್ನು ಹೇಳಿದರೆ ಇಬ್ಬರಿಗೂ ಅದು ಕಡಿಮೆ ಅನ್ನಿಸುತ್ತಿತ್ತು. ಅವಳು ಒಳಗೆ ಹೋಗಿ, ಪರಿಚಯದ ಮನೆಯಾದ್ದರಿಂದ ಹುಡುಕದೆ, ಎಣ್ಣೆಯ ಕುಡಿಕೆ ತಂದು ಅಜ್ಜಿಯ ಪಕ್ಕದಲ್ಲಿಟ್ಟಳು.

"ಕೈಗೆ ಹಚ್ಕೋ. ಅಕ್ಕನ ಎಡೆ ಕಟ್ಬೇಕು. ಕೂಸಿಗೆ ದಾರ ಕಟ್ಟೋಕೆ ನಾಳಿದ್ದು ಬಾ, ಪ್ರಸಿತ್‌ನ ಕಳಿಸ್ತೀನಿ."

"ನನ್ ಕಣ್ಣು..."

"ತೊಳೆ ಬಿಡಿಸೋಕೆ ಕಣ್ಣು ಯಾಕೆ? ನಂಗೆ ಅಭ್ಯಾಸ ತಪ್ಪಿ ಮೂವತ್ತೆಂಟು ವರ್ಷ ಆಯ್ತು."

ಸುಯ್ ಅಜ್ಜಿ ಕುಡಿಕೆಗೆ ಬೆರಳದ್ದಿ, ಎರಡೂ ಕೈಗೆ ಮೊಣಕೈವರೆಗೆ ಎಣ್ಣೆ ಸವರಿಕೊಂಡಳು. ಹೆರಿಗೆಯ ಮನೆಗೆ ಬಂದಾಗ ಮೊದಲು ಹೀಗೇ ಸವರಿಕೊಳ್ಳುತ್ತಿದ್ದಳು. ಹಣ್ಣಿನೊಳಗೆ ಕೈ ಹಾಕಿ, ತಡವಿ, ನಾರುಗಳ ನಡುವಿನಿಂದ ಒಂದು ತೊಳೆಯನ್ನು ಹರಿಯದಂತೆ ಬಿಡಿಸಿ ತೆಗೆದಳು. ಉಗುರಿನಿಂದ ಸೀಳಿ ಬೀಜ ತೆಗೆದಳು. ಒಳಗೆ ಏನಾದರೂ ಉಳಿದಿದೆಯೇ ಎಂದು ಹೆಬ್ಬೆರಳಿನಿಂದ ಸುತ್ತಲೂ ಸವರಿ ನೋಡಿದಳು.

"ಎಷ್ಟಿಡ್ಲಿ?"

"ಎಲೆ ಹಿಡಿಯೋವಷ್ಟೂ ಇಡು," ಎಂದು ಓನ್ಸೀ ಬಾಳೆಲೆಯನ್ನು ಅವಳ ಕೈಯ ಕೆಳಗೆ ಹಿಡಿದಳು.